ಎರೆ ಹೊಲ ಕಲಿಸಿದ್ದು: ಧಾರವಾಡ ಸೀಮೆಯ ಮಣ್ಣು–ನೀರು ಸಂರಕ್ಷಣೆಯ ಸಂಸ್ಥೆಗಳು

ಧಾರವಾಡದ ಕೃಷಿ ಸಂಶೋಧನೆ ಎಂದರೆ ನಮ್ಮ ಭಾಗದ ರೈತರಿಗೆ ಮೊದಲು ನೆನಪಾಗುವುದು ಬೀಜ. 1972ರಲ್ಲಿ ಬಿ. ಎಚ್. ಕತರಕಿಯವರು ಇಲ್ಲಿ ರೂಪಿಸಿದ ‘ವರಲಕ್ಷ್ಮಿ’ ಹತ್ತಿಯ ಹೆಸರು ಹಿರಿಯರ ಬಾಯಲ್ಲಿ ಇಂದಿಗೂ ಇದೆ. ಆಮೇಲೆ ಬಂದ ಡಿಸಿಎಚ್–32 ಹತ್ತಿಯನ್ನೂ ಮರೆತಿಲ್ಲ. ಹುಬ್ಬಳ್ಳಿ ಪೇಟೆಗೆ ಆ ಹತ್ತಿ ಹೇರಿಕೊಂಡು ಹೋಗಿ ಮನೆ ಕಟ್ಟಿಸಿದವರು, ಮಕ್ಕಳನ್ನು ಓದಿಸಿದವರು ಊರೂರಿಗೂ ಸಿಗುತ್ತಾರೆ. ಆದರೆ ಅದೇ ಹೊಲದ ಒಡ್ಡನ್ನು ಯಾವ ಇಲಾಖೆ ಯಾವ ವರ್ಷ ಹಾಕಿತು, ಅದರ ಅಳತೆ ಹಿಡಿದವರು ಯಾರು ಎಂದು ಕೇಳಿದರೆ ಹೇಳುವವರು ಕಡಿಮೆ. ಮಣ್ಣು ಉಳಿಸುವ ಕೆಲಸ ಒಂದು ಸುಗ್ಗಿಯಲ್ಲಿ ಕಣ್ಣಿಗೆ ಬೀಳುವಂಥದ್ದಲ್ಲ. ಅದಕ್ಕಾಗಿ ದುಡಿದ ಕಾಲೇಜು, ಕೇಂದ್ರ, ಇಲಾಖೆ, ಸಂಘಗಳ ಕಥೆ ಹಾಗಾಗಿಯೇ ಚದುರಿಹೋಗಿದೆ. ಅದನ್ನು ಒಂದೆಡೆ ಕಲೆಹಾಕುವ ಪ್ರಯತ್ನ ಇದು.

ಸಂಸ್ಥೆಗಳಿಗಿಂತ ಮೊದಲು ನೆಲದ ಮಾತು. ಕಲಘಟಗಿಯಿಂದ ನವಲಗುಂದದವರೆಗಿನ ದಾರಿ ನೂರು ಕಿಲೋಮೀಟರ್ ಕೂಡ ಇಲ್ಲ. ಅಷ್ಟರೊಳಗೆ ಎರಡು ಬೇರೆ ಬೇರೆ ಸೀಮೆಗಳು ಬಂದುಹೋಗುತ್ತವೆ. ಪಶ್ಚಿಮಕ್ಕೆ ಮಲೆನಾಡಿನ ಸೆರಗು, ಏರು ತಗ್ಗಿನ ಕೆಂಪು ಮಸಾರಿ ನೆಲ, ಕೂರಿಗೆಯಲ್ಲಿ ಬಿತ್ತುವ ಬತ್ತ. ಹುಬ್ಬಳ್ಳಿ ದಾಟಿ ಪೂರ್ವಕ್ಕೆ ನಡೆದರೆ ಮಳೆ ಕಡಿಮೆಯಾಗುತ್ತ ಹೋಗುತ್ತದೆ, ನೆಲ ಕಪ್ಪಾಗುತ್ತದೆ, ಮರ ವಿರಳವಾಗುತ್ತದೆ. ಮುಂಗಾರಿಗೆ ಹೆಸರು, ಹಿಂಗಾರಿಗೆ ಬಿಳಿಜೋಳ, ಕಡಲೆ, ಕುಸುಬೆ, ಗೋಧಿ. ಕಣ್ಣಿಗೆ ಸಪಾಟಾಗಿ ಕಾಣುವ ಈ ಎರೆ ಸೀಮೆಯಲ್ಲಿ ಮಣ್ಣು ಕೊಚ್ಚಿಹೋಗುತ್ತದೆ ಎಂದರೆ ಹೊರಗಿನವರು ನಂಬುವುದು ಕಷ್ಟ. ದೊಡ್ಡ ಮಳೆಯಾದ ಮರುದಿನ ಬೆಣ್ಣಿಹಳ್ಳದ ದಂಡೆಗೆ ಹೋಗಿ ನಿಂತರೆ ಸಂಶಯ ಉಳಿಯುವುದಿಲ್ಲ. ಹಳ್ಳದಲ್ಲಿ ಹರಿಯುವ ಗಟ್ಟಿ ಕಪ್ಪು ನೀರೆಲ್ಲ ಯಾರದೋ ಹೊಲದ ಮೇಲ್ಮಣ್ಣು. ಮಲಪ್ರಭೆಯನ್ನು ಸೇರುವ ಮೊದಲು ಅದರಲ್ಲಿ ಒಂದಷ್ಟು ಕೆಳಗಿನ ಊರುಗಳ ಬೆಳೆಯ ಮೇಲೆ ಕೂರುತ್ತದೆ. ಭಾರತದಲ್ಲಿ ಪ್ರತಿ ಹೆಕ್ಟೇರಿನಿಂದ ವರ್ಷಕ್ಕೆ ಸರಾಸರಿ 16 ಟನ್ನಿಗೂ ಹೆಚ್ಚು ಮಣ್ಣು ಜಾಗ ಬಿಡುತ್ತದೆಂದು 1980ರ ದಶಕದಲ್ಲಿ ಲೆಕ್ಕ ಹಾಕಿದ್ದರು. ಬೆಣ್ಣಿಹಳ್ಳದ ನೀರು ನೋಡಿದವರಿಗೆ ಆ ಲೆಕ್ಕ ಅತಿಯೆನಿಸುವುದಿಲ್ಲ.

ಈ ನೆಲದ ಮೇಲೆ ಸರ್ಕಾರದ ಕಣ್ಣು ಬಿದ್ದದ್ದು ಬರದಿಂದಾಗಿ. 1933ರ ಹೊತ್ತಿಗೆ ಆಗಿನ ಇಂಪೀರಿಯಲ್ ಕೃಷಿ ಸಂಶೋಧನಾ ಪರಿಷತ್ತು ಒಣ ಬೇಸಾಯದ ಸಂಶೋಧನೆಗೆ ಐದು ಕೇಂದ್ರಗಳನ್ನು ಆರಿಸಿಕೊಂಡಿತು: ಸೊಲ್ಲಾಪುರ, ವಿಜಾಪುರ, ಹಗರಿ, ರಾಯಚೂರು ಮತ್ತು ರೋಹ್ತಕ್. ಐದರಲ್ಲಿ ಮೂರು ಇಂದಿನ ಕರ್ನಾಟಕದಲ್ಲಿವೆ. ಬರ ಎಲ್ಲಿ ಹೆಚ್ಚು ಕಾಡುತ್ತಿತ್ತು ಎನ್ನುವುದಕ್ಕೆ ಇಷ್ಟು ಸಾಕು. ಅದೇ ದಶಕದಲ್ಲಿ ಅಮೆರಿಕದ ಬಯಲು ರಾಜ್ಯಗಳಲ್ಲಿ ಮಣ್ಣು ಧೂಳಾಗಿ ಆಕಾಶಕ್ಕೇರಿತ್ತು. 1935ರಲ್ಲಿ ಅಲ್ಲಿನ ಸಂಸತ್ತು ಹ್ಯೂ ಬೆನೆಟ್ ಅವರ ಕೈಗೆ ಮಣ್ಣು ಸಂರಕ್ಷಣೆಯ ಪ್ರತ್ಯೇಕ ಇಲಾಖೆಯನ್ನು ಕೊಟ್ಟಿತು. ನಮ್ಮಲ್ಲಿ ಮುಂಬಯಿ ಪ್ರಾಂತ್ಯ 1942ರಲ್ಲಿ ಭೂ ಅಭಿವೃದ್ಧಿ ಯೋಜನೆಗಳ ಕಾಯ್ದೆ ತಂದಿತು. ಒಡ್ಡು ಹಾಕಿಸುವ ಅಧಿಕಾರ ಸರ್ಕಾರಕ್ಕೆ ಬಂತು. ಖರ್ಚಿನ ವಸೂಲಿ, ಮುಂದಿನ ದುರಸ್ತಿ ಎರಡೂ ಜಮೀನಿನವನ ಹೆಗಲಿಗೆ ಬಿದ್ದವು. ಧಾರವಾಡ, ವಿಜಾಪುರ, ಬೆಳಗಾವಿ ಆಗ ಮುಂಬಯಿ ಪ್ರಾಂತ್ಯದಲ್ಲಿದ್ದ ಜಿಲ್ಲೆಗಳು. ಬರದ ಕಾಮಗಾರಿಯಾಗಿ ಸಾವಿರಾರು ಕೈಗಳು ಗುದ್ದಲಿ ಬುಟ್ಟಿ ಹಿಡಿದು ಸಮಪಾತಳಿ ಒಡ್ಡುಗಳನ್ನು ಎಬ್ಬಿಸಿದ್ದು ಈ ಕಾಲದಲ್ಲೇ.

ಧಾರವಾಡದಲ್ಲಿ ಕೃಷಿ ಕಾಲೇಜು ಆರಂಭವಾದದ್ದು 1947ರಲ್ಲಿ. ಎತ್ತಿನಗುಡ್ಡದ ಆ ನೆಲದಲ್ಲಿ ಓದಿದವರು ಕೃಷಿ ಇಲಾಖೆಯ ಅಧಿಕಾರಿಗಳಾಗಿ ಹಳ್ಳಿ ಸೇರಿದರು, ಒಡ್ಡಿನ ಕೆಲಸ ಅವರ ನೌಕರಿಯ ದೊಡ್ಡ ಪಾಲಾಯಿತು. 1953ರಲ್ಲಿ ಕೇಂದ್ರ ಮಣ್ಣು ಸಂರಕ್ಷಣಾ ಮಂಡಳಿ ಬಂತು. ಮರುವರ್ಷ ಬಳ್ಳಾರಿಯಲ್ಲಿ ಎರೆ ಮಣ್ಣಿನ ಅಧ್ಯಯನಕ್ಕೆಂದೇ ಒಂದು ಕೇಂದ್ರ ತೆರೆಯಿತು. 1956ರಲ್ಲಿ ಧಾರವಾಡ ಮೈಸೂರು ರಾಜ್ಯಕ್ಕೆ ಸೇರಿತು, ಕಾಲೇಜು ಮುಂದಿನ ದಶಕದಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ತೆಕ್ಕೆಗೆ ಹೋಯಿತು. 1961ರಲ್ಲಿ ರಾಜ್ಯ ತನ್ನದೇ ಭೂ ಅಭಿವೃದ್ಧಿ ಕಾಯ್ದೆ ಮಾಡಿಕೊಂಡಿತು.

1961 ಎಂದರೆ ಎಲ್ಲರಿಗೂ ನೆನಪಾಗುವುದು ಉಳುವವನಿಗೇ ಹೊಲ ಕೊಟ್ಟ ಭೂಸುಧಾರಣಾ ಕಾಯ್ದೆ, ಅದೂ 1974ರ ತಿದ್ದುಪಡಿಯ ನಂತರದ ಅದರ ಹರಿತ. ನನ್ನ ಪ್ರಕಾರ ಈ ಸೀಮೆಯ ಮಣ್ಣಿಗೆ ಆ ಕಾಯ್ದೆ ಮಾಡಿದ ಉಪಕಾರವನ್ನು ಯಾರೂ ಸರಿಯಾಗಿ ಲೆಕ್ಕ ಹಿಡಿದಿಲ್ಲ. ಲಾವಣಿಗೆ, ಅಂದರೆ ಗೇಣಿಗೆ, ಮಾಡುವವನು ಮುಂದಿನ ವರ್ಷ ಆ ಹೊಲದಲ್ಲಿ ಇರುತ್ತಾನೋ ಇಲ್ಲವೋ. ಹಾಗಿರುವಾಗ ಒಡೆದ ಒಡ್ಡಿಗೆ ಅವನು ಯಾಕೆ ಮಣ್ಣು ಹಾಕಬೇಕು? ಹೊಲ ತನ್ನದಾದ ಮೇಲೆ ಉಳುವವನು ಮೊದಲು ಮಾಡುವ ಕೆಲಸಗಳಲ್ಲಿ ಒಡ್ಡಿನ ರಿಪೇರಿಯೂ ಒಂದು. ಮಣ್ಣು ಸಂರಕ್ಷಣೆಯ ನೀತಿಯನ್ನು ಒಡ್ಡಿನ ಅಡಿ ಇಂಚುಗಳಲ್ಲಷ್ಟೇ ಹುಡುಕುವವರು ಇದನ್ನು ಗಮನಿಸಬೇಕು.

ಈಗ ಒಡ್ಡಿನ ವಿಷಯಕ್ಕೆ ಬರೋಣ, ಯಾಕೆಂದರೆ ನಮ್ಮ ಸಂಸ್ಥೆಗಳು ದುಬಾರಿ ಬೆಲೆ ಕೊಟ್ಟು ಕಲಿತ ಪಾಠ ಅಲ್ಲಿದೆ. ಸಮಪಾತಳಿ ಒಡ್ಡು ಎಂದರೆ ಇಳಿಜಾರಿಗೆ ಅಡ್ಡಲಾಗಿ ಒಂದೇ ಮಟ್ಟದಲ್ಲಿ ಸಾಗುವ ಮಣ್ಣಿನ ಒಡ್ಡು. ಹರಿಯುವ ನೀರನ್ನು ಅದು ತಡೆದು ನಿಲ್ಲಿಸುತ್ತದೆ, ನಿಂತ ನೀರು ಇಂಗುತ್ತದೆ. ಮಸಾರಿ ನೆಲದಲ್ಲಿ ಇದು ಚೆನ್ನಾಗಿ ನಡೆಯಿತು. ಎರೆ ಮಣ್ಣಿನ ಸ್ವಭಾವವೇ ಬೇರೆ. ಬೇಸಿಗೆಯಲ್ಲಿ ಅದು ಕೈ ತೂರುವಷ್ಟು ಬಿರುಕು ಬಿಡುತ್ತದೆ, ಒಡ್ಡೂ ಬಿರುಕು ಬಿಡುತ್ತದೆ. ಮೊದಲ ಮಳೆಯನ್ನು ಆ ಬಿರುಕುಗಳು ಗಟಗಟನೆ ಕುಡಿಯುತ್ತವೆ. ಮಣ್ಣು ನೆನೆದು ಉಬ್ಬಿತೆಂದರೆ ಬಿರುಕು ಮುಚ್ಚಿಕೊಂಡು ನೀರು ಒಳಗೆ ಇಳಿಯುವುದೇ ನಿಧಾನ. ಆಮೇಲೆ ಬಿದ್ದ ಮಳೆ ಒಡ್ಡಿನ ಮೇಲ್ಬದಿಗೆ ದಿನಗಟ್ಟಲೆ ನಿಲ್ಲುತ್ತದೆ. ಅಲ್ಲಿನ ಬೆಳೆ ಹಳದಿಯಾಗುತ್ತದೆ, ಬಿತ್ತಲು ಹದ ಸಿಗುವುದಿಲ್ಲ, ಕುಂಟೆ ಹೊಡೆಯಲು ಎತ್ತು ಇಳಿಯುವುದಿಲ್ಲ. ರೈತ ಎರಡು ದಿನ ನೋಡುತ್ತಾನೆ, ಮೂರನೇ ದಿನ ಸಲಿಕೆ ತಂದು ಒಡ್ಡು ಕಡಿಯುತ್ತಾನೆ. ಅಷ್ಟು ನೀರೂ ಆ ಒಂದು ಗಂಡಿಯಲ್ಲಿ ನುಗ್ಗಿ ಕೆಳಗಿನ ಹೊಲದಲ್ಲಿ ಕೊರಕಲು ತೆಗೆಯುತ್ತದೆ. ಒಡ್ಡು ಇಲ್ಲದಿದ್ದರೆ ಇಡೀ ಹೊಲದ ಮೇಲೆ ಹರಡಿ ಹೋಗುತ್ತಿದ್ದ ನೀರು ಅದು.

ತಕರಾರು ಇನ್ನೊಂದಿತ್ತು. ಸಮಪಾತಳಿ ರೇಖೆಗೆ ಹಿಡುವಳಿಯ ಗಡಿ ಗೊತ್ತಿಲ್ಲ. ಅದು ಒಬ್ಬನ ಹೊಲದ ನಡುವೆ ಸೊಟ್ಟಗೆ ಹಾದು ಮೂಲೆಯಲ್ಲಿ ತ್ರಿಕೋನದ ತುಂಡೊಂದನ್ನು ಬಿಟ್ಟು ಹೋಗುತ್ತದೆ. ಆ ತುಂಡಿನಲ್ಲಿ ಕೂರಿಗೆ ತಿರುಗುವುದಿಲ್ಲ, ಹರಗಲು ಬರುವುದಿಲ್ಲ. ಅಧಿಕಾರಿಗಳ ಬಾಯಲ್ಲಿ ಬಹಳ ವರ್ಷ ಇದಕ್ಕೆ ಇದ್ದ ಉತ್ತರ ‘ರೈತರಿಗೆ ತಿಳಿವಳಿಕೆ ಸಾಲದು’ ಎಂಬುದು. ತಿಳಿವಳಿಕೆ ಯಾರಿಗೆ ಸಾಲದಿತ್ತು ಎಂಬುದನ್ನು ಎರೆ ಸೀಮೆಯ ಹಳೆಯ ಹೊಲಗಳೇ ಹೇಳುತ್ತಿದ್ದವು. ಅಲ್ಲಿ ಒಡ್ಡು ಹಿಡುವಳಿಯ ಬದುವಿನ ಮೇಲೆಯೇ ಇತ್ತು, ತಗ್ಗಿನ ಕಡೆ ಕಲ್ಲು ಜೋಡಿಸಿ ಹೆಚ್ಚಿನ ನೀರಿಗೆ ದಾರಿ ಬಿಟ್ಟ ಗುಂಡಾವರ್ತಿ ಇತ್ತು. ಮಣ್ಣು ಹೊಲದೊಳಗೆ ಉಳಿಯುತ್ತಿತ್ತು, ಬೇಡವಾದ ನೀರು ಯಾರಿಗೂ ತೊಂದರೆಯಾಗದಂತೆ ಹಳ್ಳ ಸೇರುತ್ತಿತ್ತು. ಹೊಲದ ಯಜಮಾನ ತನ್ನ ನೀರಿನ ಓಟವನ್ನು ಮಳೆಗಾಲಗಳ ಉದ್ದಕ್ಕೂ ನೋಡಿ ಆ ಜಾಗ ಗೊತ್ತುಮಾಡಿರುತ್ತಿದ್ದ.

ಬಳ್ಳಾರಿ, ವಿಜಾಪುರ, ಧಾರವಾಡಗಳ ಪ್ರಯೋಗ ತಾಕುಗಳು ಕೊನೆಗೆ ತಲುಪಿದ್ದೂ ಅಲ್ಲಿಗೇ. ಆಳವಾದ ಎರೆ ಭೂಮಿಗೆ ಸಮಪಾತಳಿ ಒಡ್ಡು ಬೇಡ, ಸಣ್ಣ ಇಳಿಜಾರು ಕೊಟ್ಟು ನೀರನ್ನು ನಿಧಾನವಾಗಿ ಹೊರಗೆ ನಡೆಸುವ ಒಡ್ಡು ಸಾಕು, ಅದರ ಕೊನೆಗೆ ಕಲ್ಲಿನ ಕೋಡಿ ಇರಲಿ ಎಂಬುದು ಶಿಫಾರಸಾಯಿತು. ಇದರ ಜೊತೆಗೆ ಬಂದ ಚೌಕು ಮಡಿ ನನಗೆ ಈ ಇಡೀ ಚರಿತ್ರೆಯಲ್ಲೇ ಅತ್ಯಂತ ಪ್ರಿಯವಾದ ವಿಷಯ. ಹಿಂಗಾರಿಗೆ ಬಿಟ್ಟ ಹೊಲವನ್ನು ಜೂನ್–ಜುಲೈ ಹೊತ್ತಿಗೆ ಎತ್ತು ಹೂಡಿ ಗೇಣೆತ್ತರದ ಪುಟ್ಟ ಬದುಗಳಿಂದ ಚೌಕ ಚೌಕವಾಗಿ ಕಟ್ಟುತ್ತಾರೆ. ಇಳಿಜಾರು ಹೆಚ್ಚಿದಷ್ಟೂ ಚೌಕ ಚಿಕ್ಕದು. ಬಿದ್ದ ಹನಿ ಬಿದ್ದ ಮಡಿಯಲ್ಲೇ ಇಂಗುತ್ತದೆ. ಒಂದು ಮಡಿ ತುಂಬಿ ಒಡೆದರೂ ಪಕ್ಕದ್ದು ಹಿಡಿಯುತ್ತದೆ. ಸೆಪ್ಟೆಂಬರಿನಲ್ಲಿ ಹರಗಿ ಬಿಳಿಜೋಳ ಬಿತ್ತಿದರೆ ಆಮೇಲೆ ಮಳೆ ಕೈಕೊಟ್ಟರೂ ಒಳಗಿನ ಹಸಿ ತೆನೆ ಕಟ್ಟುವವರೆಗೆ ಬರುತ್ತದೆ. ಗುತ್ತಿಗೆದಾರ ಬೇಕಿಲ್ಲ, ಟೆಂಡರ್ ಇಲ್ಲ. ಒಂದು ಜೋಡಿ ಎತ್ತು, ಬದು ಕಟ್ಟುವ ಒಂದು ಸಾಧನ, ಒಂದೆರಡು ದಿನದ ಕೆಲಸ. ದೊಡ್ಡ ಅನುದಾನ ನುಂಗದ ಕಾರಣಕ್ಕೇ ಇಂಥ ಕೆಲಸಕ್ಕೆ ಸಿಗಬೇಕಾದ ಪ್ರಚಾರ ಸಿಗಲಿಲ್ಲ ಎಂಬ ಕೊರಗು ನನಗಿದೆ.

ಅಷ್ಟರಲ್ಲಿ ಪೂರ್ವದ ತಾಲ್ಲೂಕುಗಳಿಗೆ ಕಾಲುವೆ ನೀರು ಬಂತು. ಸವದತ್ತಿ ತಾಲ್ಲೂಕಿನ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟೆ 1970ರ ದಶಕದ ಆರಂಭದಲ್ಲಿ ಮುಗಿದು, ನವಲಗುಂದ–ನರಗುಂದದ ಎರೆ ಹೊಲಗಳಿಗೆ ನೀರು ಹರಿಯಿತು. ಎಲ್ಲರಿಗೂ ಹರಿಯಲಿಲ್ಲ. ಕಾಲುವೆಯ ತಲೆಯಲ್ಲಿದ್ದವರ ಹೊಲ ಬೇಕಾದ್ದಕ್ಕಿಂತ ಹೆಚ್ಚು ಕುಡಿಯಿತು, ಕೊನೆಯಲ್ಲಿದ್ದವರು ದಾರಿ ನೋಡುತ್ತ ಕುಳಿತರು. ನೀರು ಬರಲಿ ಬಿಡಲಿ, ನೀರಾವರಿಯಿಂದ ಭೂಮಿಯ ಬೆಲೆ ಏರಿತೆಂದು ಹಾಕುವ ಬೆಟರ್‌ಮೆಂಟ್ ಲೆವಿ ಮಾತ್ರ ತಪ್ಪಲಿಲ್ಲ. 1980ರ ಜುಲೈ 21ರಂದು ಆ ಸಿಟ್ಟು ಬೀದಿಗೆ ಬಂತು. ನವಲಗುಂದದಲ್ಲಿ ಬಸಪ್ಪ ಲಕ್ಕುಂಡಿ, ನರಗುಂದದಲ್ಲಿ ವೀರಪ್ಪ ಕಡ್ಲಿಕೊಪ್ಪ ಗೋಲಿಬಾರಿಗೆ ಬಲಿಯಾದರು. ಆ ಬಂಡಾಯವನ್ನು ನಾವು ರಾಜಕೀಯ ಚರಿತ್ರೆಯಾಗಿ ಓದುತ್ತೇವೆ, ಅದು ಸರಿ. ಅದರೊಳಗೆ ನೆಲದ ಚರಿತ್ರೆಯೂ ಇದೆ. ಬಸಿಗಾಲುವೆ ಇಲ್ಲದೆ ಎರೆ ಭೂಮಿಗೆ ನೀರು ಬಿಟ್ಟರೆ ಅದು ಜವಳಾಗುತ್ತದೆ, ಕ್ರಮೇಣ ಉಪ್ಪು ಮೇಲೇರಿ ಸವಳಾಗುತ್ತದೆ. ಮಳೆಯ ನೀರಿಗೆ ದಾರಿ ಬಿಡದ ಒಡ್ಡು ಹೇಗೆ ಕೆಟ್ಟಿತೋ, ಹಾಗೆಯೇ ಕಾಲುವೆ ನೀರಿಗೆ ದಾರಿ ಬಿಡದ ಯೋಜನೆಯೂ ಕೆಟ್ಟಿತು. ತಪ್ಪು ಅದೇ, ಪ್ರಮಾಣ ಮಾತ್ರ ದೊಡ್ಡದು.

ಜಲ ಮತ್ತು ನೆಲ ನಿರ್ವಹಣಾ ಸಂಸ್ಥೆ, ಅಂದರೆ ನಮ್ಮೆಲ್ಲರ ಬಾಯಲ್ಲಿರುವ ‘ವಾಲ್ಮಿ’, 1985ರಲ್ಲಿ ಧಾರವಾಡದಲ್ಲಿ ಸ್ಥಾಪನೆಯಾದದ್ದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಅಲ್ಲಿಯವರೆಗೆ ನೀರು ನೀರಾವರಿ ಇಲಾಖೆಯದು, ಮಣ್ಣು ಕೃಷಿ ಇಲಾಖೆಯದು. ಕಾಲುವೆ ಕಟ್ಟಿದ ಎಂಜಿನಿಯರ್‌ಗೆ ತೂಬಿನಾಚೆಯ ಹೊಲದಲ್ಲಿ ಏನಾಗುತ್ತದೆಂದು ತಿಳಿದುಕೊಳ್ಳುವ ಜರೂರು ಇರಲಿಲ್ಲ. ಕೃಷಿ ಅಧಿಕಾರಿಗೆ ತೂಬಿನ ಮೇಲೆ ಅಧಿಕಾರ ಇರಲಿಲ್ಲ. ಇಬ್ಬರನ್ನೂ ಒಂದೇ ತರಗತಿಯಲ್ಲಿ ಕೂರಿಸಿ, ಮೂರನೆಯವನಾಗಿ ರೈತನನ್ನು ಕರೆದು ಕೂರಿಸಿದ್ದು ವಾಲ್ಮಿಯ ದೊಡ್ಡ ಕೆಲಸ. ನೀರು ಬಳಕೆದಾರರ ಸಹಕಾರ ಸಂಘಗಳ ಪದಾಧಿಕಾರಿಗಳು ಸರದಿ ಪ್ರಕಾರ ನೀರು ಹಂಚುವುದು, ಬಸಿಗಾಲುವೆ ತೆಗೆಯುವುದು, ಸವಳು–ಜವಳು ನೆಲವನ್ನು ಸರಿಪಡಿಸುವುದು ಇವನ್ನೆಲ್ಲ ಅಲ್ಲಿ ಕಲಿತರು. ನವಲಗುಂದ ತಾಲ್ಲೂಕಿನ ಬೆಳವಟಗಿಯ ಸಂಶೋಧನಾ ಕೇಂದ್ರ ಎರೆ ಭೂಮಿಗೆ ಎಷ್ಟು ನೀರು ಸಾಕು ಎಂಬ ಪ್ರಶ್ನೆಯನ್ನು ಹೊಲದಲ್ಲೇ ಪರೀಕ್ಷಿಸುತ್ತ ಬಂದಿದೆ. ಸಾಕು ಎಂಬ ಮಾತು ಕಾಲುವೆಯ ತಲೆಯಲ್ಲಿರುವವರ ಕಿವಿಗೆ ಇಳಿಯುವುದು ಇಂದಿಗೂ ಕಷ್ಟ.

1986ರ ಅಕ್ಟೋಬರ್ 1ರಂದು ಧಾರವಾಡದ ಆವರಣವೇ ಸ್ವತಂತ್ರ ಕೃಷಿ ವಿಶ್ವವಿದ್ಯಾಲಯವಾಯಿತು. ಒಣ ಬೇಸಾಯದ ವಿಜಾಪುರದಿಂದ ಉತ್ತರ ಕನ್ನಡದ ಕಾಡಿನ ಅಂಚಿನವರೆಗಿನ ನೆಲದ ಸಮಸ್ಯೆಗಳಿಗೆ ಉತ್ತರ ಹುಡುಕುವ ಹೊಣೆ ಹತ್ತಿರಕ್ಕೇ ಬಂತು. ಅದಕ್ಕೂ ಎರಡು ವರ್ಷ ಮೊದಲು ರಾಜ್ಯದ ನಾಲ್ಕೂ ವಿಭಾಗಗಳಲ್ಲಿ ಒಣಭೂಮಿ ಅಭಿವೃದ್ಧಿ ಮಂಡಳಿಗಳು ರಚನೆಯಾಗಿದ್ದವು. ಒಂಟಿ ಒಡ್ಡಿನ ಬದಲು ನೆತ್ತಿಯಿಂದ ಹಳ್ಳದವರೆಗಿನ ಇಡೀ ಜಲಾನಯನವನ್ನು ಒಂದೇ ಘಟಕವಾಗಿ ನೋಡುವ ದೃಷ್ಟಿ ಸರ್ಕಾರಿ ಕಾಗದಕ್ಕೆ ಬಂದದ್ದು ಆಗ.

ಕಾಗದದ ಹೊರಗೆ ನಡೆದದ್ದನ್ನೂ ದಾಖಲಿಸಬೇಕು. 1987ರ ನವೆಂಬರ್ 14ರಂದು, ಆಗ ಧಾರವಾಡ ಜಿಲ್ಲೆಯಲ್ಲೇ ಇದ್ದ ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ಹಳ್ಳಿಗರು ದನ ಮೇಯಿಸಿ, ಸೌದೆ ತಂದು ಬದುಕುತ್ತಿದ್ದ ಭೂಮಿಯನ್ನು ನೀಲಗಿರಿ ಬೆಳೆಯಲು ಕರ್ನಾಟಕ ಪಲ್ಪ್‌ವುಡ್ ಕಂಪನಿಗೆ ಕೊಡುವುದರ ವಿರುದ್ಧ ಜನ ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಗಿಡ ನೆಟ್ಟರು. ಹಿಂದೆ ನಿಂತದ್ದು ಎಸ್. ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ, ಇದೇ ಧಾರವಾಡದ ಸಂಸ್ಥೆ. ಸುಪ್ರೀಂ ಕೋರ್ಟಿನ ಅರ್ಜಿಯಲ್ಲಿ ಶಿವರಾಮ ಕಾರಂತರ ಹೆಸರಿತ್ತು. 1991ರಲ್ಲಿ ಆ ಕಂಪನಿಯನ್ನು ಮುಚ್ಚಬೇಕಾಯಿತು. ಯಾವ ನೆಲದಲ್ಲಿ ಏನು ಬೆಳೆಯಬೇಕು ಎಂಬುದನ್ನು ಆ ನೆಲದ ಮೇಲೆ ಬದುಕುವವರನ್ನು ಕೇಳದೆ ತೀರ್ಮಾನಿಸುವಂತಿಲ್ಲ ಎಂಬುದನ್ನು ಯಾವ ತರಬೇತಿ ಕೇಂದ್ರವೂ ಅಷ್ಟು ಸ್ಪಷ್ಟವಾಗಿ ಹೇಳಿಕೊಟ್ಟಿರಲಿಲ್ಲ.

ಕೇಳಿ ಮಾಡುವ ಕೆಲಸದ ಫಲ ಕಾಣಬೇಕೆಂದರೆ ಕಲಘಟಗಿ ತಾಲ್ಲೂಕಿನ ಸೂರಶೆಟ್ಟಿಕೊಪ್ಪಕ್ಕೆ ಹೋಗಬೇಕು. 1990ರ ದಶಕದ ಕೊನೆಯಲ್ಲಿ ಬೈಫ್ ಎಂಬ ಸ್ವಯಂಸೇವಾ ಸಂಸ್ಥೆ ಅಲ್ಲಿ ಹೊಲಕ್ಕೊಂದು ಕೃಷಿಹೊಂಡ ತೋಡಿಸಿ, ಬದುಗುಂಟ ತೆಗೆದ ಕಾಲುವೆಗಳಿಂದ ಅವನ್ನು ಒಂದಕ್ಕೊಂದು ಜೋಡಿಸಿತು. ಮೇಲಿನವನ ಹೊಂಡ ತುಂಬಿದ ಮೇಲೆ ನೀರು ಕೆಳಗಿನವನ ಹೊಂಡಕ್ಕೆ ಇಳಿಯುತ್ತದೆ. ಬದುವಿನ ಮೇಲೆ ಮರ ಬಂತು, ಮೇವು ಬಂತು. ಇಂಥ ವ್ಯವಸ್ಥೆ ನಿಲ್ಲಬೇಕಾದರೆ ಮೇಲಿನವನು ಕೆಳಗಿನವನ ಜೊತೆ ಮಾತಾಡುತ್ತಿರಲೇಬೇಕು.

2001ರಿಂದ 2009ರವರೆಗೆ ವಿಶ್ವಬ್ಯಾಂಕಿನ ನೆರವಿನಿಂದ ನಡೆದ ಸುಜಲಾ ಯೋಜನೆ ಈ ರೀತಿಯನ್ನು ದೊಡ್ಡ ಪ್ರಮಾಣಕ್ಕೆ ಒಯ್ದಿತು. ಧಾರವಾಡ, ಹಾವೇರಿ, ಚಿತ್ರದುರ್ಗ, ತುಮಕೂರು, ಕೋಲಾರ: ಐದು ಜಿಲ್ಲೆ, 77 ಉಪಜಲಾನಯನ, 4 ಲಕ್ಷಕ್ಕೂ ಹೆಚ್ಚು ಹೆಕ್ಟೇರ್. ಮುಂಬಯಿ ಕಾಲದ ಒಡ್ಡಿನ ಕೆಲಸಕ್ಕೂ ಇದಕ್ಕೂ ಇದ್ದ ಅಂತರ ಬಹಳ ದೊಡ್ಡದು. ಅಧಿಕಾರಿ, ಸ್ವಯಂಸೇವಾ ಸಂಸ್ಥೆಯವರು, ರೈತ ಕುಟುಂಬ ಮೂವರೂ ಹೊಲದಲ್ಲಿ ನಿಂತು ಸರ್ವೆ ನಂಬರುವಾರು ಕೆಲಸ ಗೊತ್ತುಮಾಡುತ್ತಿದ್ದರು. ಒಡ್ಡು ಎಲ್ಲಿ, ಕೋಡಿ ಎಲ್ಲಿ, ಬದುವಿಗೆ ಯಾವ ಗಿಡ ಎಂಬುದು ಅಲ್ಲೇ ಇತ್ಯರ್ಥ. ಖರ್ಚಿನಲ್ಲಿ ರೈತನದೂ ಒಂದು ಪಾಲು. ಹೊಲ ಇಲ್ಲದವರು, ಹೆಣ್ಣುಮಕ್ಕಳು ಸ್ವಸಹಾಯ ಸಂಘಗಳ ಮೂಲಕ ಒಳಗೆ ಬಂದರು. ಹಸಿರು ಎಷ್ಟು ಹೆಚ್ಚಿತು ಎಂಬುದನ್ನು ಇಸ್ರೊದ ಉಪಗ್ರಹ ಚಿತ್ರಗಳಿಂದ ಅಳೆದರು.

ಆಮೇಲಿನದು ಮಣ್ಣಿನ ಒಳಗಿನ ಲೆಕ್ಕ. 2009ರಲ್ಲಿ ಇಕ್ರಿಸ್ಯಾಟ್ ಸಂಶೋಧನಾ ಸಂಸ್ಥೆಯ ಜೊತೆ ಶುರುವಾದ ‘ಭೂಚೇತನ’ ಯೋಜನೆಯ ಮೊದಲ ಆರು ಜಿಲ್ಲೆಗಳಲ್ಲಿ ಧಾರವಾಡವೂ ಇತ್ತು. ಸಾರಜನಕ, ರಂಜಕಗಳ ಲೆಕ್ಕದಲ್ಲಿ ಮುಳುಗಿದ್ದವರಿಗೆ ಗಂಧಕ, ಸತು, ಬೋರಾನ್ ಕೊರತೆ ಎಷ್ಟು ವ್ಯಾಪಕ ಎಂಬುದು ಅದರಿಂದ ಗೊತ್ತಾಯಿತು. ಸುಜಲಾದ ಮೂರನೇ ಹಂತದಲ್ಲಿ ಗದಗ, ಕೊಪ್ಪಳ ಮೊದಲಾದ ಹನ್ನೊಂದು ಜಿಲ್ಲೆಗಳ ಭೂಸಂಪನ್ಮೂಲದ ನಕ್ಷೆ ಆದಾಗ ಧಾರವಾಡದ ವಿಶ್ವವಿದ್ಯಾಲಯ ಅದರ ಪಾಲುದಾರ ಸಂಸ್ಥೆಯಾಗಿತ್ತು. 2014ರಲ್ಲಿ ಕೃಷಿಹೊಂಡಕ್ಕೆ ನೆರವು ಕೊಡುವ ಕೃಷಿಭಾಗ್ಯ ಯೋಜನೆ ಬಂದ ಮೇಲೆ ಹೊಂಡಗಳ ಸಂಖ್ಯೆ ಏರಿತು. ನವಲಗುಂದ ಕಡೆ ಹುಬ್ಬಳ್ಳಿಯ ದೇಶಪಾಂಡೆ ಫೌಂಡೇಶನ್ ಕೂಡ ಇದೇ ಕೆಲಸಕ್ಕೆ ಕೈಹಾಕಿತು. ಒಡ್ಡಿಗೆ ಶತ್ರುವಾಗಿದ್ದ ಎರೆ ಮಣ್ಣಿನ ಜಿಗುಟು ಹೊಂಡಕ್ಕೆ ಮಿತ್ರ: ಮಸಾರಿಯಲ್ಲಿ ಪ್ಲಾಸ್ಟಿಕ್ ಹೊದಿಕೆ ಬೇಡುವ ಹೊಂಡ ಎರೆಯಲ್ಲಿ ಹಾಗೆಯೇ ನೀರು ಹಿಡಿಯುತ್ತದೆ.

2019ರ ಸೆಪ್ಟೆಂಬರಿನಲ್ಲಿ ದೆಹಲಿಯಲ್ಲಿ ನಡೆದ ವಿಶ್ವಸಂಸ್ಥೆಯ ಮರುಭೂಮೀಕರಣ ತಡೆ ಸಮಾವೇಶದಲ್ಲಿ, 2030ರೊಳಗೆ 2.6 ಕೋಟಿ ಹೆಕ್ಟೇರ್ ಹಾಳಾದ ಭೂಮಿಯನ್ನು ಸರಿಪಡಿಸುವುದಾಗಿ ಭಾರತ ಮಾತು ಕೊಟ್ಟಿತು. ಅದಕ್ಕೆ ಒಂದು ತಿಂಗಳ ಹಿಂದೆಯಷ್ಟೇ ಧಾರವಾಡ ಜಿಲ್ಲೆ ಆಗಸ್ಟ್ ಮಳೆಗೆ ತತ್ತರಿಸಿತ್ತು, ಬೆಣ್ಣಿಹಳ್ಳ, ತುಪ್ಪರಿಹಳ್ಳಗಳು ದಂಡೆ ಮೀರಿ ಹೊಲಕ್ಕೆ ನುಗ್ಗಿದ್ದವು. ಕೋವಿಡ್ ಕಾಲದಲ್ಲಿ ಊರಿಗೆ ಮರಳಿದವರಿಗೆ ಉದ್ಯೋಗ ಖಾತರಿಯಡಿ ಬದು ನಿರ್ಮಾಣದ ಕೆಲಸ ಸಿಕ್ಕಿತು. ಹೊಸ ಬದು ಕಟ್ಟುವುದಕ್ಕೆ ಹೀಗೆ ಪ್ರತಿ ಕಾಲದಲ್ಲೂ ಒಂದಲ್ಲ ಒಂದು ಯೋಜನೆ ಇದ್ದೇ ಇದೆ. ಕಟ್ಟಿದ್ದನ್ನು ನೋಡಿಕೊಳ್ಳುವ ಹೊಣೆ ಮಾತ್ರ 1942ರ ಕಾಯ್ದೆ ಎಲ್ಲಿಟ್ಟಿತ್ತೋ ಅಲ್ಲೇ, ಒಬ್ಬೊಬ್ಬ ರೈತನ ತಲೆಯ ಮೇಲೆ ಉಳಿದಿದೆ. ಟ್ರ್ಯಾಕ್ಟರ್ ತಿರುಗಿದಾಗಲೆಲ್ಲ ಬದುವಿನ ಅಂಚು ಸವೆಯುತ್ತದೆ, ಅಣ್ಣತಮ್ಮಂದಿರು ಬೇರೆಯಾದಾಗ ಹೊಲದ ಜೊತೆ ನೀರಿನ ದಾರಿಯೂ ತುಂಡಾಗುತ್ತದೆ. ಎತ್ತು ಕಡಿಮೆಯಾದ ಊರಲ್ಲಿ ತಿಪ್ಪೆಗೊಬ್ಬರವೂ ಇಲ್ಲ, ಚೌಕು ಮಡಿ ಕಟ್ಟುವವರೂ ಇಲ್ಲ. ಒಬ್ಬನ ಕೋಡಿ ಮುಚ್ಚಿದರೆ ಕೆಡುವುದು ಇನ್ನೊಬ್ಬನ ಹೊಲ. ಹಾಗಾಗಿ ದುರಸ್ತಿ ಒಬ್ಬನ ಮೇಲೆ ಬಿಡುವ ಕೆಲಸವೇ ಅಲ್ಲ, ಪಂಚಾಯಿತಿ ಮಟ್ಟದಲ್ಲಿ ಪ್ರತಿವರ್ಷ ಹಣ ತೆಗೆದಿಟ್ಟು ಮಾಡಬೇಕಾದದ್ದು.

ಇದಕ್ಕೆ ಹೊಸ ಸಂಸ್ಥೆ ಬೇಕಿಲ್ಲ. ಕೃಷಿ ಪದವಿಯ ಕೊನೆಯ ವರ್ಷದ ವಿದ್ಯಾರ್ಥಿಗಳು ಗ್ರಾಮೀಣ ಕಾರ್ಯಾನುಭವಕ್ಕೆಂದು ಪ್ರತಿವರ್ಷ ಹಳ್ಳಿಗಳಲ್ಲಿ ಉಳಿಯುತ್ತಾರೆ. ಸುಜಲಾದ ಕೆಲಸದ ಪಟ್ಟಿ ಸರ್ವೆ ನಂಬರುವಾರು ಆಗಿತ್ತು. ಜಿಲ್ಲೆಯ ಒಂದು ಉಪಜಲಾನಯನವನ್ನು ಆರಿಸಿಕೊಂಡು, ಆ ಪಟ್ಟಿ ಹಿಡಿದು, ಹೊಲದವರನ್ನೇ ಜೊತೆಗೆ ಕರೆದುಕೊಂಡು ನೆತ್ತಿಯಿಂದ ಹಳ್ಳದವರೆಗೆ ನಡೆಯಲಿ. ಯಾವ ಒಡ್ಡು ನಿಂತಿದೆ, ಯಾವ ಕೋಡಿಯ ಕಲ್ಲು ಜಾರಿದೆ, ಎಲ್ಲಿ ಒಡ್ಡನ್ನು ಬೇಕೆಂದೇ ಕಡಿದಿದ್ದಾರೆ, ಕಡಿದದ್ದು ಯಾಕೆ ಎಂಬುದನ್ನು ಬರೆದುಕೊಳ್ಳಲಿ. ಹೀಗೆ ಬರೆದುಕೊಂಡದ್ದು ವಾಲ್ಮಿಯ ತರಬೇತಿಗೂ ಪಂಚಾಯಿತಿಯ ಉದ್ಯೋಗ ಖಾತರಿ ಕ್ರಿಯಾಯೋಜನೆಗೂ ಹೋಗಲಿ. ಮುಂಗಾರಿಗೆ ಮೊದಲು, ಏಪ್ರಿಲ್–ಮೇ ತಿಂಗಳಲ್ಲಿ, ಹೊಲ ಖಾಲಿ ಇರುವಾಗ ಈ ನಡಿಗೆ ಮುಗಿದರೆ ಅದೇ ವರ್ಷದ ಮಳೆಗೆ ದುರಸ್ತಿ ಸಿದ್ಧವಾಗುತ್ತದೆ.